ಎದೆಯೆತ್ತರದ ಲೆಕ್ಕ

ಕಾಡಿಗೆ ಹೋಗೋಣವೆಂದರೆ ಸಾಕು, ‘ಆನೆ ಸಿಗ್ತದಾ ಟೀಚರೇ?’ ಎಂಬ ಪ್ರಶ್ನೆ. ಕೊಡಗಿನ ಮಕ್ಕಳು ಕೇಳುವ ಮಾತೇ ಇದು! ತೋಟಕ್ಕೆ ಆನೆ ನುಗ್ಗಿದೆಯೆಂದು ಶಾಲೆಗೆ ತಡವಾಗಿ ಬರುವವರು ಇವರೇ. ಬೇಡವೆಂದರೂ ಬಾಗಿಲಿಗೆ ಬರುವ ಪ್ರಾಣಿಯನ್ನು ನೋಡಲು ಬಸ್ಸೇಕೆ? ನನಗೆ ತೋರಿಸಬೇಕಿರುವುದು ಮರ.

ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವಾಗಲಿ, ನಾವೇ ಅನುಮತಿ ಪಡೆದು ಹೊರಡುವ ತಿರುಗಾಟವಾಗಲಿ, ಮಳೆ ನಿಂತು ಬೆಂಕಿಗಾಲ ಶುರುವಾಗುವುದರೊಳಗೆ ಮುಗಿಯಬೇಕು. ಮೊದಲು ತಿತಿಮತಿ ಕಡೆಯ ತೇಗದ ನೆಡುತೋಪು. ಟೇಪು ಕೊಟ್ಟು, ನೆಲದಿಂದ 1.37 ಮೀಟರ್ ಮೇಲೆ ಸುತ್ತಳತೆ ಹಿಡಿಯಲು ಹೇಳುತ್ತೇನೆ. ಅರಣ್ಯದವರ ಲೆಕ್ಕದಲ್ಲಿ ಅದು ಎದೆಯೆತ್ತರ. ಏಳನೇ ತರಗತಿಯವರಿಗೆ ಮೂಗಿನೆತ್ತರ. ಒಬ್ಬ ಮರ ತಬ್ಬಿ ಟೇಪಿನ ತುದಿ ಹುಡುಕುತ್ತಾನೆ, ಇನ್ನೊಬ್ಬಳು ಓರೆಯಾಯಿತೆಂದು ಗದರುತ್ತಾಳೆ. ಈ ಗಲಾಟೆ ಕೇಳುವುದೇ ನನಗೊಂದು ಚಟ.

ಬೆಳೆಯುವ ಮರಗಳಿಗೆ ಜಾಗ ಬಿಡಲು ನಡುನಡುವೆ ಸೊರಗಿದವನ್ನು ತೆಗೆಯುತ್ತಾರೆ, ಅದಕ್ಕೆ ತಿನ್ನಿಂಗ್ ಎನ್ನುತ್ತಾರೆ ಎಂದು ಜೊತೆಗೆ ಬರುವ ಅರಣ್ಯ ಇಲಾಖೆಯ ವಾಚರಣ್ಣ ವಿವರಿಸಿದಾಗ ಪೇಟೆಯ ಮಕ್ಕಳಾಗಿದ್ದರೆ ಬೆಚ್ಚುತ್ತಿದ್ದರೋ ಏನೋ. ಕಾಫಿ ತೋಟದಲ್ಲಿ ಬೆಳೆದವರು ಥಟ್ಟನೆ, ‘ಬೆಳಕು ಬೀಳ್ಲಿ ಅಂತ ಮರಕಪಾತು ಮಾಡಿದ ಹಾಗೆ’ ಎನ್ನುತ್ತಾರೆ. ಅಲ್ಲಿಗೆ ಅರ್ಧ ಪಾಠ ಅವರೇ ಮುಗಿಸಿದರು.

ಉಳಿದರ್ಧ ದೇವರಕಾಡಿನಲ್ಲಿ. ಕೊಡಗಿನಲ್ಲಿ ಇಂಥವು ಸಾವಿರದ ಇನ್ನೂರಕ್ಕೂ ಹೆಚ್ಚು. ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲು ದಾಟಿ, ಚಪ್ಪಲಿ ಕಳಚಿ ಒಳಗೆ ಹೋದರೆ ಟೇಪಿಗೆ ಸೋಲು: ಬುಡವೇ ಗೋಡೆಯಂತೆ ಚಾಚಿಕೊಂಡ ಮರದಲ್ಲಿ ಎದೆಯೆತ್ತರ ಯಾವುದೆಂದು ಹೇಳುವುದು? ಒಂದರ ಅಳತೆ ಮತ್ತೊಂದಕ್ಕೆ ಹೊಂದದು. ‘ಇಲ್ಲಿ ತಿನ್ನಿಂಗ್ ಮಾಡೋರು ಯಾರು?’ ಎಂದು ಕೇಳುವವರೆಗೂ ಬಾಯಿ ಬಿಗಿಹಿಡಿದು ಕಾಯುತ್ತೇನೆ. ಆಮೇಲೆ ಆಷಾಢದ ಗಾಳಿಗೆ ಉರುಳಿದ ಮರ, ಅದು ಬಿಟ್ಟುಕೊಟ್ಟ ಬೆಳಕಿನ ಕಿಂಡಿಯಲ್ಲಿ ನುಗ್ಗಿದ ಸಸಿಗಳು, ಮಂಗಟ್ಟೆ ಹಕ್ಕಿ ಮೊಟ್ಟೆಯಿಡಲು ಹುಡುಕುವಂಥ ಹಳೇ ಪೊಟರೆ, ಎಲ್ಲ ಒಂದೊಂದಾಗಿ. ನೆಡುತೋಪಿನಲ್ಲಿ ಪೊಟರೆಬಿದ್ದ ಮರ ದಂಡ. ಇಲ್ಲಿ ಅದೇ ಮನೆ. ಕೊಡಲಿ ತಾಗಬಾರದೆಂಬ ಕಟ್ಟಳೆಯೂ ನಿರ್ವಹಣೆಯೇ ಎಂದು ನಾನು ವಾದಿಸುತ್ತೇನೆ. ವಾಚರಣ್ಣ ಪೂರ್ತಿ ಒಪ್ಪುವುದಿಲ್ಲ. ‘ಲಂಟಾನ ಬಂದ್ರೆ ದೇವ್ರು ಕೀಳ್ತಾನಾ ಟೀಚರೇ?’ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಕಟ್ಟಳೆ ಗಟ್ಟಿಯಿದ್ದರೂ ಕಾಡು ಕರಗಿದೆ. 1905ರಲ್ಲಿ 15,506 ಎಕರೆಯಿದ್ದ ದೇವರಕಾಡು 1985ಕ್ಕೆ ಸುಮಾರು 6,300 ಎಕರೆ. ಕಳೆದ ಸಲ ಹೋದಾಗ ಕಳೆಯುವ ಲೆಕ್ಕವನ್ನು ನೆಲದ ಮೇಲೆ ಕಡ್ಡಿಯಲ್ಲೇ ಮಾಡಿಸಿದೆ. ಹುಡುಗನೊಬ್ಬ ಅಂಚಿನಾಚೆಯ ಕಾಫಿ ಗಿಡಗಳನ್ನೇ ನೋಡುತ್ತಿದ್ದವನು, ‘ಇದು ನಮ್ಮಜ್ಜನ ತೋಟ. ಮೊದಲು ಗಡಿ ಎಲ್ಲಿತ್ತು ಟೀಚರೇ?’ ಎಂದ. ಅಜ್ಜನನ್ನೇ ಕೇಳು ಎಂದೆ.

ಮರುದಿನ ಅಜ್ಜನೇ ಶಾಲೆಗೆ ಬಂದರು, ಕಂಕುಳಲ್ಲಿ ಹಳೇ ಸರ್ವೆ ನಕ್ಷೆ ಇಟ್ಟುಕೊಂಡು.