ಮೊಲದ ಗೂಡು

ನಿಮ್ಮ ಮನೆಯ ಮಕ್ಕಳೂ ಮೊಲ ಬೇಕೆಂದು ಹಟ ಹಿಡಿದಿದ್ದರೆ, ಮೊಲವನ್ನು ತರುವ ಮೊದಲು ಅದರ ಗೂಡಿನ ಕುರಿತು ಯೋಚಿಸಿರಿ. ನಾನು ಹಾಗೆ ಮಾಡಲಿಲ್ಲ.

ಮಗಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದಾಗ ಅವಳ ಸೋದರಮಾವ ಎರಡು ಬಿಳಿ ಮೊಲಗಳನ್ನು ಉಡುಗೊರೆಯಾಗಿ ತಂದುಕೊಟ್ಟರು. ಅಂದೇ ಸಂಜೆ ನಾನು ಪೇಟೆಗೆ ಹೋಗಿ, ಕಣ್ಣಿಗೆ ಅಂದವಾಗಿ ಕಂಡ ಪಂಜರವೊಂದನ್ನು ಕೊಂಡುತಂದೆ. ಹಸಿರು ಬಣ್ಣ, ಕಮಾನಿನ ಬಾಗಿಲು. ತಳವೂ ತಂತಿಯದೇ; ಹಿಕ್ಕೆ ತಾನಾಗಿ ಕೆಳಗೆ ಬೀಳುವುದರಿಂದ ಶುಚಿ ಮಾಡುವ ತೊಂದರೆಯಿಲ್ಲವೆಂದು ಅಂಗಡಿಯವರು ಹೇಳಿದ್ದು ನನಗೆ ಬಹಳ ಹಿಡಿಸಿತು. ಮನೆಯೊಳಗೆ ವಾಸನೆ ಬೇಡವೆಂದು ಅದನ್ನು ತಾರಸಿಯಲ್ಲಿ, ತಗಡಿನ ಮಾಡಿನ ಕೆಳಗೆ ಇರಿಸಿದೆವು.

ಕರಾವಳಿಯ ಮೇ ತಿಂಗಳು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಭಾನುವಾರ ಬಲಿಪೂಜೆ ಮುಗಿಸಿ, ಅಲ್ಲಿಂದಲೇ ಬಂಧುಗಳ ಮನೆಗೆ ಊಟಕ್ಕೆ ಹೋಗಿ, ಮಧ್ಯಾಹ್ನ ಮೂರು ಗಂಟೆಗೆ ಮರಳಿದೆವು. ಒಂದು ಮೊಲ ಸತ್ತುಬಿದ್ದಿತ್ತು. ಇನ್ನೊಂದನ್ನು ಕೆಳಗೆ ತಂದು ಒದ್ದೆ ಬಟ್ಟೆಯಿಂದ ಕಿವಿಗಳನ್ನು ಒರೆಸುತ್ತಿದ್ದಾಗ ಮಗಳು ಅದರ ಹಿಂಗಾಲನ್ನು ಮೆಲ್ಲನೆ ತಿರುಗಿಸಿ ತೋರಿಸಿದಳು. ಅಂಗಾಲಿನ ರೋಮ ಉದುರಿ ಚರ್ಮ ಹುಣ್ಣಾಗಿತ್ತು.

"ಅಪ್ಪಾ, ಇದು ಯಾವಾಗಿನಿಂದ?"

ನನ್ನಲ್ಲಿ ಉತ್ತರವಿರಲಿಲ್ಲ. ದಿನವೂ ಎರಡು ಹೊತ್ತು ಸೊಪ್ಪು ಹಾಕುತ್ತಿದ್ದವನು ನಾನೇ. ನೀತಿವಂತನು ತನ್ನ ಪಶುಪ್ರಾಣಿಗಳ ಕ್ಷೇಮವನ್ನು ಅರಿತಿರುತ್ತಾನೆಂದು ಜ್ಞಾನೋಕ್ತಿ ಗ್ರಂಥದ 12ನೇ ಅಧ್ಯಾಯದಲ್ಲಿದೆ. ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದವನೂ ನಾನೇ.

ಮೊಲ ನಮ್ಮಂತೆ ಬೆವರಿ ಮೈಯನ್ನು ತಂಪಾಗಿಸಿಕೊಳ್ಳಲಾರದು ಎಂದು ಪಶುವೈದ್ಯರು ತಿಳಿಸಿದರು. ಮುಖ್ಯವಾಗಿ ಕಿವಿಗಳ ಮೂಲಕವೇ ಅದು ಶಾಖವನ್ನು ಹೊರಗೆ ಬಿಡುತ್ತದೆ. ತಾಪ 30 ಡಿಗ್ರಿ ದಾಟಿದರೆ ಅದಕ್ಕೆ ಅಪಾಯ. ನಾಯಿಬೆಕ್ಕುಗಳಿಗಿರುವ ಮೆತ್ತನೆಯ ಅಂಗಾಲೂ ಅದಕ್ಕಿಲ್ಲ, ಬರಿಯ ರೋಮವಷ್ಟೇ.

ಬಡಗಿಯನ್ನು ಕರೆಸಿದೆ. ಗೂಡು ನಾಲ್ಕಡಿ ಉದ್ದ, ಎರಡಡಿ ಅಗಲ. ಮೊಲ ಹಿಂಗಾಲಿನಲ್ಲಿ ನಿಂತರೂ ಕಿವಿ ಮೇಲೆ ತಾಗದಷ್ಟು ಎತ್ತರ. ("ಮೊಲಕ್ಕೆ ಬಂಗಲೆಯೇ?" ಎಂದು ಅವರು ನಕ್ಕರು. ಇಷ್ಟಾದರೂ ಸಾಲದು, ಬೆಳಿಗ್ಗೆ ಸಂಜೆ ಹೊರಗೆ ಓಡಾಡಲು ಬಿಡಲೇಬೇಕು.) ಹಲ್ಲು ಬಾಳಿನುದ್ದಕ್ಕೂ ಬೆಳೆಯುವುದರಿಂದ ಅದು ಸಿಕ್ಕಿದ್ದನ್ನೆಲ್ಲಾ ಕಡಿಯುತ್ತದೆ, ಆದುದರಿಂದ ಮರಕ್ಕೆ ಬಣ್ಣ ಬಳಿಸಲಿಲ್ಲ. ತೆಳುವಾದ ಕೋಳಿಬಲೆಯನ್ನು ಬೀದಿನಾಯಿ ಹರಿದುಹಾಕೀತು. ಅದಕ್ಕಾಗಿ ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್‌ಮೆಶ್. ಬೆದರಿದಾಗ ಅವಿತುಕೊಳ್ಳಲು ಒಂದು ಮೂಲೆಯಲ್ಲಿ ಮುಚ್ಚಿದ ಪೆಟ್ಟಿಗೆ. ತಳಕ್ಕೆ ಹಲಗೆ, ಅದರ ಮೇಲೆ ದಪ್ಪನಾಗಿ ಒಣಹುಲ್ಲು. ಹುಲ್ಲನ್ನು ದಿನವೂ ಬದಲಿಸಬೇಕು. ನಾನು ತಪ್ಪಿಸಿಕೊಳ್ಳಬಯಸಿದ್ದ ಕೆಲಸ ಇದೇ ಅಲ್ಲವೇ? ಗೂಡು ಈಗ ಬಿಸಿಲು ಬೀಳದ ಉತ್ತರದ ಜಗಲಿಯಲ್ಲಿದೆ. ವಾಸನೆ ಸ್ವಲ್ಪ ಬರುತ್ತದೆ. ಬರಲಿ.

ಕಾಲಿನ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು.

ಜಪಮಾಲೆ ಮುಗಿದ ಮೇಲೆ ಮಗಳು ಗೂಡಿನ ಎರಡು ಚಿಲಕಗಳನ್ನೂ ನೋಡಿ ಬರುತ್ತಾಳೆ. ಅವಳು ಮಲಗಿದ ಬಳಿಕ ನಾನು ಟಾರ್ಚ್ ಹಿಡಿದು ಮತ್ತೊಮ್ಮೆ ಹೋಗುತ್ತೇನೆ. ಚಿಲಕ ಹಾಕಿಯೇ ಇರುತ್ತದೆ. ಆದರೂ ಮೊಲವನ್ನು ಎತ್ತಿ, ಅಂಗಾಲುಗಳನ್ನು ನೋಡಿ, ಮತ್ತೆ ಹುಲ್ಲಿನ ಮೇಲೆ ಬಿಟ್ಟು ಬರುತ್ತೇನೆ.