ಅತ್ತಿಗೆಯ ಬೀಜದ ಗಡಿಗೆ

ತವರೂರಿಗೆ ಹೊರಡುವುದೆಂದರೆ ನಮ್ಮಂಥ ಹೆಣ್ಣುಮಕ್ಕಳಿಗೆ ವಯಸ್ಸು ನಲವತ್ತು ದಾಟಿದರೂ ಸಡಗರವೇ. 2023ರ ಜೂನ್ ಕೊನೆಯಲ್ಲಿ ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ, ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬಂದು, ಅಲ್ಲಿ ಬಾಗೂರಿನ ಬಸ್ಸು ಹಿಡಿದೆ.

ದಾರಿಯುದ್ದಕ್ಕೂ ತೆಂಗಿನ ತೋಟಗಳು. ಹೊಸಬರು ನೋಡಿದರೆ ಇಲ್ಲಿ ನೀರಿಗೇನು ಕೊರತೆ ಅಂದುಕೊಳ್ಳಬೇಕು. ಬಾಗೂರಿನ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿದ್ದರೆ ಅದು ಬಾಗೂರು–ನವಿಲೆ ಸುರಂಗದ ದೆಸೆಯಿಂದ. ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರು ಈ ಸುರಂಗ ಹಾದು ತುಮಕೂರು ಕಡೆಗೆ ಹೋಗುತ್ತದೆ. ಆ ಕಡೆಯವರಿಗೂ ಬಾಯಾರಿಕೆ ಇದೆ, ಹೋಗಲಿ. ಆದರೆ ನಮ್ಮಣ್ಣನ ಒಂದೂವರೆ ಎಕರೆ ಹೊಲ ಇಂದಿಗೂ ಮೋಡ ನೋಡಿಕೊಂಡೇ ಇದೆ.

ನಮ್ಮ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಅಲಸಂದೆ, ಹೆಸರು, ಉದ್ದು ಬಿತ್ತುವುದು ರೂಢಿ. ಅಲಸಂದೆ ಎರಡೂವರೆ ಮೂರು ತಿಂಗಳಿಗೆ ಕೈಗೆ ಬರುತ್ತದೆ. ಅದನ್ನು ಕಿತ್ತ ಮೇಲೆ ರಾಗಿ. ಕಾಳಿನ ಗಿಡದ ಬೇರಿನಲ್ಲಿರುವ ಸಣ್ಣ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸೇರಿಸುವುದರಿಂದ ಹಿಂದೆ ಬರುವ ರಾಗಿಗೂ ಒಳ್ಳೆಯದು. ಕೇಳುವುದಕ್ಕೆ ಎಷ್ಟು ಸಲೀಸು!

ಸಂಜೆ ಅತ್ತಿಗೆಯ ಜೊತೆ ಹೊಲಕ್ಕೆ ಹೋದೆ. ಕೃತ್ತಿಕೆ ಮಳೆಗೆ ಒಂದು ಎಕರೆಗೆ ಬಿತ್ತಿದ್ದರು. ಆಮೇಲೆ ಮಳೆ ಕೈಕೊಟ್ಟಿತ್ತು. ಗಿಡಗಳು ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ, ಬಿಟ್ಟ ಹೂವೂ ಉದುರುತ್ತಿತ್ತು.

“ಎಕರೆಗೆ ಹತ್ತು ಕಿಲೋ ಬೀಜ ಕಣಮ್ಮಣ್ಣಿ. ಕಿಲೋಗೆ 150 ರೂಪಾಯಿ ಕೊಟ್ಟು ತಂದಿದ್ದು. ಟ್ರ್ಯಾಕ್ಟರು, ಕೂಲಿ ಬೇರೆ. ಬೀಜಕ್ಕೆ ಕೊಟ್ಟ ದುಡ್ಡೂ ಹುಟ್ಟಾಕಿಲ್ಲ ಈ ಸಲ” ಅಂದರು ಅತ್ತಿಗೆ.

ಅಂಗಡಿಯಿಂದ ತಂದಿದ್ದು ಇಪ್ಪತ್ತು ಕಿಲೋ. ಉಳಿದ ಹತ್ತು ಕಿಲೋ ಮನೆಯಲ್ಲಿತ್ತು. ಆರಿದ್ರಾ ಮಳೆ ನಾಲ್ಕು ಹನಿ ಬಿದ್ದಿತ್ತು. ಅಣ್ಣ ಅದನ್ನೂ ಬಿತ್ತೇಬಿಡೋಣ ಅನ್ನುತ್ತಿದ್ದ. ಅತ್ತಿಗೆ ಒಪ್ಪಲಿಲ್ಲ. “ಮಣ್ಣಿಗೆ ಹಾಕಿದ ಮೇಲೆ ವಾಪಸು ತಗಳಕ್ಕಾದದಾ? ಇದೂ ಹೋದರೆ ಮುಂದಿನ ವರ್ಷ ಮತ್ತೆ ಸಾಲ” ಎಂದು ಹಟ ಹಿಡಿದರು. ರಾತ್ರಿ ಊಟಕ್ಕೆ ಕೂತಾಗ ಗಂಡ ಹೆಂಡಿರು ಮಾತಾಡಲಿಲ್ಲ. ನನಗೆ ತುತ್ತು ಇಳಿಯಲಿಲ್ಲ.

ಬೆಳಿಗ್ಗೆ ಅತ್ತಿಗೆ ಬೀಜವನ್ನು ಬಿಸಿಲಿಗೆ ಹರಡಿ, ಆರಿಸಿ, ಒಲೆಯ ಬೂದಿ ಬೆರೆಸಿ ಗಡಿಗೆಗೆ ತುಂಬಿದರು. ಮೇಲೆ ಒಣಗಿದ ಬೇವಿನಸೊಪ್ಪು, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಸಾರಿಸಿದರು. ಅಣ್ಣ ನೋಡಿಯೂ ನೋಡದವನಂತೆ ಹೊರಗೆ ಹೋದ.

ಆ ವರ್ಷದ ಆಗಸ್ಟ್ ನಿಮಗೆ ನೆನಪಿರಬೇಕು. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿರಲಿಲ್ಲ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮವರ ರಾಗಿ ಅರ್ಧಕ್ಕರ್ಧ ಹೋಯಿತು. ಸಾಲಿನ ನಡುವೆ ಹಾಕಿದ್ದ ಅವರೆ ಮಾತ್ರ ಚಳಿಗಾಲದ ಇಬ್ಬನಿ ಕುಡಿದು ಒಂದಿಷ್ಟು ಕಾಯಿ ಬಿಟ್ಟಿತಂತೆ.

2024ರ ಮೇ ತಿಂಗಳಲ್ಲಿ ಫೋನ್ ಮಾಡಿದಾಗ ಅತ್ತಿಗೆಯ ದನಿಯೇ ಬೇರೆಯಾಗಿತ್ತು. ಗಡಿಗೆ ಬಿಚ್ಚಿದ್ದರು. ನೂರು ಕಾಳು ಎಣಿಸಿ, ನಾವು ಮೊಳಕೆ ಸಾರಿಗೆ ಕಟ್ಟುವ ಹಾಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ 82 ಮೊಳೆತಿದ್ದವು. ಎಪ್ಪತ್ತೈದಕ್ಕೆ ಕಡಿಮೆಯಾಗದಿದ್ದರೆ ಬಿತ್ತನೆಗೆ ಯೋಗ್ಯ. ಬೀಜ ತರುವ ಖರ್ಚಿಲ್ಲದೆ ಒಂದು ಎಕರೆ ಬಿತ್ತನೆಯಾಯಿತು.

ಹಾಗೆಂದು ಕಥೆ ಸುಖಾಂತ್ಯವಾಯಿತೆನ್ನಬೇಡಿ. ಜುಲೈನಲ್ಲಿ ಕಾಯಿ ಒಣಗುವ ಹೊತ್ತಿಗೆ ಜಡಿಮಳೆ ಹಿಡಿಯಿತು. ಒಣಗಿದ ಕಾಯಿ ನೆನೆದರೆ ಕಾಳು ಕಪ್ಪಾಗುತ್ತದೆ, ಗಿಡದಲ್ಲೇ ಮೊಳೆಯುತ್ತದೆ. ಅತ್ತಿಗೆ ಗೋಣಿಕೊಪ್ಪೆ ಹಾಕಿಕೊಂಡು ಬಲಿತ ಕಾಯಿಯನ್ನೆಲ್ಲ ಬಿಡಿಸಿ ತಂದು ನಡುಮನೆಯಲ್ಲಿ ಹರಡಿದರು. ಒಂದು ಪಾಲು ಕೆಟ್ಟಿತು. ಉಳಿದದ್ದರಲ್ಲಿ ಬೀಜಕ್ಕೆ, ಮನೆಗೆ ಆಗಿ ಮಾರುವುದಕ್ಕೂ ಒಂದಿಷ್ಟು ಸಿಕ್ಕಿತು.

ಹೊಲವಿರುವ ಸೋದರಿಯರಿಗೆ ಎರಡು ಮಾತು. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಬೀಜ ಯಾವಾಗ ಬರುತ್ತದೆಂದು ಮೊದಲೇ ವಿಚಾರಿಸಿ. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಾಳುಗಳಿಗೆ ರೈತರು ಕಟ್ಟಬೇಕಾದ ಕಂತು ವಿಮೆ ಮೊತ್ತದ ನೂರಕ್ಕೆ ಎರಡು ಮಾತ್ರ. ಆದರೆ ನಿಮ್ಮ ಬೆಳೆ ನಿಮ್ಮ ಪಂಚಾಯಿತಿಯ ಅಥವಾ ಹೋಬಳಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ಕಟ್ಟಿ.

ಆ ಸಲ ಗೌರಿ ಹಬ್ಬಕ್ಕೆ ಹೋದಾಗ ಅತ್ತಿಗೆ ಹೊಸ ಅಲಸಂದೆಯ ಬಸ್ಸಾರು, ಮುದ್ದೆ ಮಾಡಿದ್ದರು. ಬಡಿಸುತ್ತಾ ಅಣ್ಣನೇ ಹೇಳಿದ: “ನಿಮ್ಮತ್ತಿಗೆ ಗಡಿಗೆದು ಕಣೆ ಇದು.” ಅತ್ತಿಗೆ ಏನೂ ಅನ್ನಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.