ಮನೆಯ ಬಾಗಿಲಿಗೆ ಬಂದ ನೀರು

ಅನ್ನವಿಲ್ಲದೆ ಒಂದು ದಿನ ಉಪವಾಸವಿರಬಹುದು. ನೀರಿಲ್ಲದೆ ಒಂದು ಹೊತ್ತೂ ಸಂಸಾರ ಸಾಗದು. ಇದು ಎಲ್ಲರೂ ಬಲ್ಲ ಮಾತು. ಆದರೂ ನೀರನ್ನು ಮನೆಗೆ ತರುವ ಶ್ರಮವನ್ನು ನಮ್ಮಲ್ಲಿ ಯಾರೂ ದುಡಿಮೆಯೆಂದು ಎಣಿಸಿದಂತೆ ಕಾಣುವುದಿಲ್ಲ. ಉಳುವವನ ಬೆವರಿಗೆ ಬೆಲೆಯುಂಟು. ಕೊಡ ಹೊತ್ತವಳ ಕತ್ತುನೋವಿಗೆ ಲೆಕ್ಕವಿಲ್ಲ.

ನಾನು ವಾಸವಾಗಿರುವುದು ರಾಜರಾಜೇಶ್ವರಿನಗರದಲ್ಲಿ. ನನ್ನ ಅಕ್ಕನನ್ನು ಕೊಟ್ಟಿರುವುದು ಮಾಗಡಿ ಸೀಮೆಯ ಒಂದು ಸಣ್ಣ ಹಳ್ಳಿಗೆ. ಮದುವೆಯಾದ ಹೊಸತರಲ್ಲಿ ಆಕೆ ಊರ ಮುಂದಣ ಬಾವಿಯಿಂದ ನೀರು ಸೇದಿ ತಂದಳು; ಆ ಬಾವಿ ಬತ್ತಿದ ಮೇಲೆ ಬೋರಿಂಗಿನ ಹಿಡಿಯನ್ನು ಒತ್ತಿದಳು; ಅನಂತರ ತೊಂಬೆಯ ಮುಂದೆ ಸರದಿಗೆ ಕಾದಳು. ಕಾಲ ಬದಲಾದರೂ ತಲೆಯ ಮೇಲಣ ಸಿಂಬಿಯು ಮಾತ್ರ ಬದಲಾಗಲಿಲ್ಲ. ಆಕೆಯ ಹಿರಿಯ ಮಗಳು ಬೇಸಗೆಯಲ್ಲಿ ಶಾಲೆಗೆ ತಡವಾಗಿ ಹೋಗುತ್ತಿದ್ದುದಕ್ಕೂ ಈ ಸರದಿಯೇ ಕಾರಣವಾಗಿತ್ತು.

2019ನೆಯ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಜಲ ಜೀವನ ಯೋಜನೆಯನ್ನು ಸಾರಿತು. ಆಗ ನಮ್ಮ ದೇಶದ ಗ್ರಾಮೀಣ ಮನೆಗಳಲ್ಲಿ ಆರರಲ್ಲಿ ಒಂದಕ್ಕೆ ಮಾತ್ರ ನಲ್ಲಿಯಿತ್ತು. ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ, ಕೇಂದ್ರ ಮತ್ತು ರಾಜ್ಯಗಳ ಸಮಪಾಲಿನ ಹಣದಿಂದ, ಈ ಕೆಲಸ ನಡೆಯಿತು. ದಿನವೊಂದಕ್ಕೆ ಒಬ್ಬರಿಗೆ 55 ಲೀಟರು ನೀರು ದೊರೆಯಬೇಕೆಂಬುದು ಅದರ ಗುರಿ. ಗೃಹಸ್ಥರ ಲೆಕ್ಕದಲ್ಲಿ ಹೇಳುವುದಾದರೆ, ಐವರಿರುವ ಮನೆಗೆ 275 ಲೀಟರು. ಹದಿನೈದು ಲೀಟರಿನ ಕೊಡದಲ್ಲಿ ಹದಿನೆಂಟು ಕೊಡಗಳಿಗೂ ಮಿಗಿಲು. ಇಷ್ಟು ನೀರನ್ನು ಹೊತ್ತು ತರಬೇಕಾದರೆ ಒಬ್ಬ ಹೆಂಗಸಿನ ಹಗಲೆಲ್ಲ ಅದಕ್ಕೇ ಸಲ್ಲಬೇಕಾದೀತು. 2024ರೊಳಗೆ ಮುಗಿಯಬೇಕಾಗಿದ್ದ ಈ ಕಾರ್ಯದ ಅವಧಿಯನ್ನು 2028ರ ವರೆಗೆ ಮುಂದುವರಿಸುವುದಾಗಿ 2025ರ ಆಯವ್ಯಯದಲ್ಲಿ ತಿಳಿಸಲಾಯಿತು.

ಅಕ್ಕನ ಅಂಗಳಕ್ಕೂ ನಲ್ಲಿ ಬಂದಿತು. ನೋಡಲು ಹೋದ ನನಗೆ ಆಕೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನೋಡಪ್ಪ, ನಲ್ಲಿ ಹಾಕಿಕೊಟ್ಟರು, ಸಂತೋಷ. ಆದರೆ ನಲ್ಲಿ ಏನು ನೀರು ಹೆರುತ್ತದೆಯೆ? ಅದರ ಹಿಂದೆ ನೀರಿರಬೇಕಲ್ಲ!”

ಈ ಪ್ರಶ್ನೆಯು ಹಳ್ಳಿಯವರದು ಮಾತ್ರವಲ್ಲ. ಬೆಂಗಳೂರಿನ ಚರಿತ್ರೆಯೇ ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ನಗರಕ್ಕೆ ಹರಿಯಿತು. ಅದು ಸಾಲದಾದಾಗ 1974ರಲ್ಲಿ ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆತ್ತಿ ತಂದರು. 2007ರಲ್ಲಿ ನಮ್ಮ ರಾಜರಾಜೇಶ್ವರಿನಗರವೂ ಸುತ್ತಣ 110 ಹಳ್ಳಿಗಳೂ ಮಹಾನಗರಕ್ಕೆ ಸೇರಿದವು. ಆದರೆ ಆ ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿಯ ಐದನೆಯ ಹಂತವು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ನಾವು ಟ್ಯಾಂಕರಿನ ದಾರಿ ಕಾಯ್ದು ಕುಳಿತಿದ್ದೆವು. ಪಕ್ಕದಲ್ಲಿಯೇ ವೃಷಭಾವತಿ ಹರಿಯುತ್ತಿತ್ತು. ನಗರದ ಕೊಚ್ಚೆಯಿಂದ ಕೆಟ್ಟ ಆ ನೀರನ್ನು ಮುಟ್ಟುವವರಾರು?

ಹಳ್ಳಿಗಳಿಗೆ ಇಷ್ಟು ದೂರದ ಹೊಳೆಯನ್ನು ತರುವುದು ಎಲ್ಲೆಡೆಯೂ ಸುಲಭವಲ್ಲ. ಆದುದರಿಂದ ಹೆಚ್ಚಿನ ಊರುಗಳು ಕೊಳವೆ ಬಾವಿಯನ್ನೇ ನಂಬಿವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ನೀರಿನಲ್ಲಿ ಫ್ಲೋರೈಡು ಬೆರೆತಿರುವುದುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಕುಡಿಯಲು ತಕ್ಕುದಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಬಹುಕಾಲ ಕುಡಿದರೆ ಮೂಳೆಗೂ ಕೇಡು. ಗೃಹಿಣಿಯರು ಒಂದು ಮಾತನ್ನು ನೆನಪಿಡಬೇಕು: ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ಪರೀಕ್ಷೆ ಮಾಡಿಸಿದ ಹೊರತು ಅದು ತಿಳಿಯದು. ಇಂತಹ ಕಡೆಗಳಿಗೆ ದೊಡ್ಡ ಜಲಾಶಯದ ನೀರನ್ನು ಶುದ್ಧಮಾಡಿ ಹಲವು ಊರುಗಳಿಗೆ ಒಟ್ಟಿಗೆ ಹಂಚುವ ಬಹುಗ್ರಾಮ ಯೋಜನೆಗಳೇ ಗತಿ.

ಕೊಳವೆ ಹೂಳುವುದು ಒಂದು ವರ್ಷದ ಕೆಲಸ. ನೀರು ಹರಿಸುವುದು ಪ್ರತಿದಿನದ ಕೆಲಸ. ಹಿಂದೆ ಕೆರೆಯ ತೂಬನ್ನು ಕಾಯುತ್ತಿದ್ದ ನೀರುಗಂಟಿಯ ಹೆಸರಿನಲ್ಲೇ ಇಂದೂ ಪಂಚಾಯಿತಿಯ ನೌಕರನೊಬ್ಬನು ಪಂಪು ಹಾಕುತ್ತಾನೆ. ಆತನಿಗೆ ಕಾಲಕ್ಕೆ ಸಂಬಳ ಬಾರದಿದ್ದರೆ, ಮನೆಯವರು ನೀರಿನ ಕಂದಾಯ ಕಟ್ಟದಿದ್ದರೆ, ಎಷ್ಟು ಕೋಟಿಯ ಯೋಜನೆಯಾದರೂ ಒಣಗಿದ ನಲ್ಲಿಯಲ್ಲಿ ಕೊನೆಗಾಣುತ್ತದೆ. ಊರಿನ ನೀರು ಸಮಿತಿಯಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ, ಪ್ರತಿ ಹಳ್ಳಿಯಲ್ಲಿ ಐವರು ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದೂ ಯೋಜನೆಯಲ್ಲಿ ಹೇಳಿರುವುದು ನನಗೆ ಬಹಳ ಹಿಡಿಸಿತು. ಹೊತ್ತವರಿಗಲ್ಲದೆ ಭಾರ ತಿಳಿಯುವುದು ಇನ್ನಾರಿಗೆ?

ಅಕ್ಕನು ಈಗ ಅಂತಹ ಸಮಿತಿಯಲ್ಲಿದ್ದಾಳೆ. ಹಳೆಯ ಬಾವಿಯ ಹೂಳೆತ್ತಿಸಿ, ಮಳೆಯ ನೀರು ಅದಕ್ಕೆ ಇಳಿಯುವಂತೆ ಮಾಡಬೇಕೆಂದು ಹಟ ಹಿಡಿದಿದ್ದಾಳಂತೆ. “ನಲ್ಲಿಯಿದ್ದ ಮೇಲೆ ಬಾವಿಯೇಕೆ?” ಎಂದು ಕೆಲವರು ನಗುತ್ತಾರಂತೆ. ಆಕೆಯ ಹಟವೇ ಸರಿಯೆಂದು ನನ್ನ ಅಭಿಪ್ರಾಯ. ಹಬ್ಬಹರಿದಿನಗಳಿಗೆ ಊರಿಗೆ ಹೋಗುವ ವಾಚಕರು, ಅಲ್ಲಿಯ ನಲ್ಲಿಯನ್ನು ನೋಡಿ ಹಿಗ್ಗುವುದರ ಜೊತೆಗೆ, ಈ ನೀರು ಎಲ್ಲಿಯದು, ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ಒಮ್ಮೆ ವಿಚಾರಿಸಬೇಕು. ಕೇಳುವವರಿದ್ದರೆ ಉತ್ತರ ಹೇಳುವವರೂ ಎಚ್ಚರವಾಗಿರುತ್ತಾರೆ.